ಬದಲಿ ಸರ್ವರ್ ಇದ್ದರಷ್ಟೇ ಸಾಲದು: ಮಾಹಿತಿ ತಂತ್ರಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಸಾರ್ವಜನಿಕ ಸೇವೆಗಳನ್ನು ಸರ್ವರ್ ಕ್ಲಸ್ಟರ್ (ಒಂದಾಗಿ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಮೇಲೆ ನಡೆಸುವ ಟೆಂಡರ್ ಕಡತಗಳಲ್ಲಿ ‘ಶೇ 99.9ರಷ್ಟು ಲಭ್ಯತೆ’ ಎಂಬ ಷರತ್ತು ಸಾಮಾನ್ಯ. ಈ ಅಂಕಿಯನ್ನು ಗಂಟೆಗಳ ಲೆಕ್ಕಕ್ಕೆ ಇಳಿಸಿದರೆ, ವರ್ಷದಲ್ಲಿ ಸುಮಾರು 8 ಗಂಟೆ 45 ನಿಮಿಷ ಸೇವೆ ನಿಂತರೂ ಗುತ್ತಿಗೆದಾರರು ಷರತ್ತು ಮೀರಿದಂತಾಗುವುದಿಲ್ಲ, 99.99 ಎಂದು ಬರೆದರೆ ಆ ಅವಧಿ ಸುಮಾರು 53 ನಿಮಿಷಕ್ಕೆ ಇಳಿಯುತ್ತದೆ. ಆ ಎಂಟು ಗಂಟೆಗಳು ಅರ್ಜಿ ಸಲ್ಲಿಕೆಯ ಕೊನೆಯ ದಿನದಂದೇ ಬಂದರೆ ಗತಿಯೇನು ಎಂಬುದಕ್ಕೆ ಷರತ್ತಿನಲ್ಲಿ ಉತ್ತರವಿಲ್ಲ. ಇಂಥ ಕಡತಗಳಲ್ಲಿ ಬದಲಿ ಸರ್ವರ್‌ನ ಬೆಲೆ ನಮೂದಾಗಿರುತ್ತದೆ. ಮೊದಲನೆಯದು ಕೈಕೊಟ್ಟಾಗ ಎರಡನೆಯದು ನಿಜಕ್ಕೂ ಹೊಣೆ ಹೊರುತ್ತದೆಯೇ ಎಂದು ಆಗಾಗ ಪರೀಕ್ಷಿಸುವ ಕೆಲಸಕ್ಕೆ ಮಾತ್ರ ಸಮಯವನ್ನೂ ಹಣವನ್ನೂ ತೆಗೆದಿಡುವವರು ವಿರಳ. ಆ ಕುರಿತೇ ಈ ಪತ್ರ.

2020ರ ಅಕ್ಟೋಬರ್ 1ರಂದು ಟೋಕಿಯೊ ಷೇರು ವಿನಿಮಯ ಕೇಂದ್ರದಲ್ಲಿ ಇಡೀ ದಿನ ವಹಿವಾಟು ನಡೆಯಲಿಲ್ಲ. ಅಂದು ಬೆಳಿಗ್ಗೆ ಕೆಟ್ಟದ್ದು ಡಿಸ್ಕ್ ಸಾಧನವೊಂದರ ಮೆಮೊರಿ ಭಾಗ ಮಾತ್ರ, ಮತ್ತು ಅದರ ಜೋಡಿ ಸಾಧನ ಸುಸ್ಥಿತಿಯಲ್ಲಿಯೇ ಇತ್ತು. ಆದರೆ ಆ ಬಗೆಯ ದೋಷ ಕಂಡಾಗ ತಾನಾಗಿ ಜೋಡಿಗೆ ಬದಲಾಗಬೇಕಾದ ಸೆಟ್ಟಿಂಗ್ ಆಫ್ ಆಗಿತ್ತು. ಸಾಧನದ ಹೊಸ ಆವೃತ್ತಿಯಲ್ಲಿ ಆ ಸೆಟ್ಟಿಂಗ್‌ನ ನಡವಳಿಕೆ ಬದಲಾಗಿದ್ದರೂ ತಯಾರಕರ ಕೈಪಿಡಿಯಲ್ಲಿ ಹಳೆಯ ವಿವರಣೆಯೇ ಉಳಿದುಕೊಂಡಿತ್ತು. ಹಣ, ಯಂತ್ರ, ಪರಿಣತಿ ಯಾವುದಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಆ ನಿರ್ದಿಷ್ಟ ಬಗೆಯ ವೈಫಲ್ಯವನ್ನು ಬೇಕೆಂದೇ ಉಂಟುಮಾಡಿ ನೋಡಿದ್ದರೆ ತಪ್ಪು ಮೊದಲೇ ಸಿಗುತ್ತಿತ್ತು. ಅದೇ ವರ್ಷ ಕೇಂದ್ರದ ಅಧ್ಯಕ್ಷರು ಹೊಣೆ ಹೊತ್ತು ರಾಜೀನಾಮೆ ನೀಡಿದರು.

ಹಾಗೆಂದು ಎಲ್ಲವೂ ತಾನಾಗಿಯೇ ಬದಲಾಗುವಂತೆ ಮಾಡಿಬಿಟ್ಟರೆ ಕೆಲಸ ಮುಗಿಯಿತು ಎಂದೂ ಹೇಳಲಾಗದು. 2018ರ ಅಕ್ಟೋಬರ್‌ನಲ್ಲಿ ಗಿಟ್‌ಹಬ್ ಎಂಬ, ಸಾಫ್ಟ್‌ವೇರ್ ಕೋಡ್ ಇರಿಸಿಕೊಳ್ಳುವ ತಾಣ ನಡೆಸುವ ಸಂಸ್ಥೆಯ ಜಾಲದ ಕೊಂಡಿಯೊಂದು ಕೇವಲ 43 ಸೆಕೆಂಡು ಕಡಿದುಹೋಯಿತು. ಅಷ್ಟರಲ್ಲೇ ಸ್ವಯಂಚಾಲಿತ ವ್ಯವಸ್ಥೆ ಡೇಟಾಬೇಸ್‌ನ ಮುಖ್ಯ ಪ್ರತಿಯನ್ನು ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ವರ್ಗಾಯಿಸಿತು. ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಇಲ್ಲವೆಂಬ ಸ್ಥಿತಿ ಎರಡೂ ಬದಿಯಲ್ಲಿ ಉಂಟಾಗಿ, ಸೇವೆ ಪೂರ್ತಿ ಸರಿಹೋಗಲು 24 ಗಂಟೆಗೂ ಹೆಚ್ಚು ಸಮಯ ಹಿಡಿಯಿತು. ಸಂಪರ್ಕ ತಪ್ಪಿದ ಸರ್ವರ್ ಸತ್ತಿದೆಯೋ, ಮಾತು ಕೇಳಿಸದಷ್ಟೇ ದೂರವಾಗಿದೆಯೋ ಎಂಬುದನ್ನು ಇನ್ನೊಂದು ಸರ್ವರ್ ಖಚಿತವಾಗಿ ತಿಳಿಯಲಾರದು. ಕ್ಲಸ್ಟರ್ ವಿನ್ಯಾಸದ ಕಷ್ಟವೆಲ್ಲ ಹೆಚ್ಚುಕಡಿಮೆ ಇಲ್ಲಿಂದಲೇ ಹುಟ್ಟುತ್ತದೆ. ಆದ್ದರಿಂದಲೇ ಸದನದಂತೆ ಇಲ್ಲಿಯೂ ಕೋರಂ ಬೇಕು: ಕ್ಲಸ್ಟರ್‌ನ ಒಂದೊಂದು ಸರ್ವರ್ ಒಂದು ನೋಡ್; ಒಟ್ಟು ನೋಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪರಸ್ಪರ ಕಾಣುತ್ತಿದ್ದರೆ ಮಾತ್ರ ಆ ಗುಂಪು ಸೇವೆ ನಡೆಸಬೇಕು. ಮೂರು ನೋಡ್‌ಗಳಿದ್ದರೆ ಒಂದನ್ನು ಕಳೆದುಕೊಳ್ಳಬಹುದು, ಐದಿದ್ದರೆ ಎರಡನ್ನು. ನಾಲ್ಕಿದ್ದರೆ ಆಗಲೂ ಒಂದನ್ನೇ. ಎರಡೇ ಡೇಟಾ ಕೇಂದ್ರಗಳ (ಸರ್ವರ್‌ಗಳನ್ನು ಇರಿಸುವ ತಾಣಗಳ) ಯೋಜನೆ ತಮ್ಮ ಮುಂದೆ ಬಂದರೆ, ಕೊಂಡಿ ಕಡಿದಾಗ ಯಾರು ಮುಂದುವರಿಯಬೇಕೆಂದು ತೀರ್ಮಾನಿಸುವ ಮೂರನೇ ಮತ ಎಲ್ಲಿದೆ ಎಂದು ದಯವಿಟ್ಟು ಕೇಳಿ. ಅದಕ್ಕೆ ಮೂರನೇ ಸ್ಥಳದಲ್ಲೊಂದು ಚಿಕ್ಕ ಯಂತ್ರ ಸಾಕು. ಕೋರಂ ಕಳೆದುಕೊಂಡ ನೋಡ್ ಡೇಟಾವನ್ನು ಮುಟ್ಟದಂತೆ ಅದರ ವಿದ್ಯುತ್ತನ್ನಾದರೂ ಸಂಗ್ರಹ ಸಂಪರ್ಕವನ್ನಾದರೂ ಕಡಿಯುವ ಫೆನ್ಸಿಂಗ್ ವ್ಯವಸ್ಥೆಯನ್ನು, ತೊಂದರೆ ಕೊಡುತ್ತದೆಂದು ಆಫ್ ಮಾಡಿಡುವ ಅಭ್ಯಾಸವಿದೆ. ಅದಕ್ಕೆ ತಾವು ಒಪ್ಪಬಾರದು.

ಸಾಮರ್ಥ್ಯದ ಲೆಕ್ಕವಂತೂ ಸರಳ. ಎರಡು ಸರ್ವರ್‌ಗಳು ತಲಾ ಶೇ 60ರಷ್ಟು ಹೊರೆ ಹೊತ್ತು ನಡೆಯುತ್ತಿದ್ದರೆ, ಒಂದು ಬಿದ್ದ ಕ್ಷಣ ಇನ್ನೊಂದರ ಮೇಲೆ ಶೇ 120 ಬೀಳುತ್ತದೆ, ಅದೂ ಮಲಗುತ್ತದೆ. ತಲಾ ಅಷ್ಟೇ ಹೊರೆ ಹೊತ್ತ ಮೂರು ಸರ್ವರ್‌ಗಳಿದ್ದರೆ ಉಳಿದೆರಡು ಶೇ 90ರಲ್ಲಿ ಹೇಗೋ ನಿಭಾಯಿಸುತ್ತವೆ. ‘ಅರ್ಧ ಸಾಮರ್ಥ್ಯ ಸುಮ್ಮನೆ ಬಿದ್ದಿದೆ’ ಎಂದು ಆಕ್ಷೇಪ ಬರೆಯುವ ಲೆಕ್ಕಪರಿಶೋಧಕರಿಗೆ ಇದನ್ನು ಮೊದಲೇ ವಿವರಿಸಿಡುವುದು ಒಳ್ಳೆಯದು.

ಎಂಜಿನಿಯರ್‌ಗಳಿಗೆ ಬಿಡಲಾಗದ, ತಾವೇ ಕೈಗೊಳ್ಳಬೇಕಾದ ತೀರ್ಮಾನ ಬೇರೆಯೇ ಇದೆ: ಯಾವ ಸೇವೆ ಎಷ್ಟು ಹೊತ್ತು ನಿಲ್ಲಬಹುದು, ಯಾವುದರಲ್ಲಿ ಕೊನೆಯ ಎಷ್ಟು ನಿಮಿಷಗಳ ದಾಖಲೆ ಕಳೆದುಹೋದರೆ ಸಹಿಸಬಹುದು. ಒಂದು ದಾಖಲೆಯೂ ಕಳೆಯಬಾರದೆಂದರೆ ಪ್ರತಿ ಬರಹವೂ ಎರಡೂ ಕೇಂದ್ರಗಳಲ್ಲಿ ದಾಖಲಾದ ಮೇಲೆಯೇ ಬಳಕೆದಾರರಿಗೆ ಉತ್ತರ ಹೋಗಬೇಕು; ಫೈಬರ್‌ನಲ್ಲಿ ಬೆಳಕು 100 ಕಿ.ಮೀ. ಹೋಗಿ ಮರಳಲು ಸುಮಾರು 1 ಮಿಲಿಸೆಕೆಂಡು ಬೇಕಾಗುವುದರಿಂದ, ಕೇಂದ್ರಗಳು ದೂರವಾದಷ್ಟೂ ಪ್ರತಿ ಬರಹ ನಿಧಾನವಾಗುತ್ತದೆ. ಹತ್ತಿರವಿಟ್ಟರೆ ಒಂದೇ ಬೆಂಕಿ ಎರಡನ್ನೂ ಆಹುತಿ ತೆಗೆದುಕೊಳ್ಳಬಹುದು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿರುವ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗೆ ಹೊತ್ತಿದ ಬೆಂಕಿಯಿಂದ 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಸ್ಥಗಿತಗೊಂಡವು. ನೌಕರರ ಕಡತಗಳಿದ್ದ ಜಿ-ಡ್ರೈವ್‌ಗೆ ಬೇರೆಡೆ ಬ್ಯಾಕಪ್ ಇಲ್ಲದೆ ಅದರ 858 ಟೆರಾಬೈಟ್ ಮಾಹಿತಿ ನಾಶವಾಯಿತು. ಪ್ರತಿ ಬರಹವನ್ನೂ ಆಗಿಂದಾಗ ನಕಲಿಸಿಕೊಳ್ಳುವ ಪ್ರತಿರೂಪ ಮತ್ತು ಬೇರೆಯಾಗಿ ತೆಗೆದಿಡುವ ಬ್ಯಾಕಪ್ ಒಂದೇ ಅಲ್ಲವೆಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ: ಯಾರೋ ತಪ್ಪಾಗಿ ಅಳಿಸಿದ ಕೋಷ್ಟಕ ಪ್ರತಿರೂಪದಿಂದಲೂ ಅಷ್ಟೇ ನಿಷ್ಠೆಯಿಂದ ಅಳಿಸಿಹೋಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ವರ್ಷಕ್ಕೆ ಕನಿಷ್ಠ ಎರಡು ಬಾರಿ, ಕಚೇರಿ ವೇಳೆಯಲ್ಲಿಯೇ, ಮುಖ್ಯ ಕೇಂದ್ರವನ್ನು ನಿಜವಾಗಿ ನಿಲ್ಲಿಸಿ ಬದಲಿ ಕೇಂದ್ರದಿಂದ ಇಡೀ ದಿನ ಸೇವೆ ನಡೆಸುವ ಅಣಕು ಕಾರ್ಯಾಚರಣೆಯನ್ನು ಗುತ್ತಿಗೆಯ ಷರತ್ತಾಗಿಸಿ, ಅದಕ್ಕೆ ಪ್ರತ್ಯೇಕ ಹಣ ಮೀಸಲಿಡಿ, ಮತ್ತು ಬದಲಾವಣೆಗೆ ಹಿಡಿದ ಸಮಯವನ್ನು ಸಾರ್ವಜನಿಕರಿಗೆ ಪ್ರಕಟಿಸಿ. ಮಧ್ಯರಾತ್ರಿ ಪಾಳಿಯಲ್ಲಿರುವ ಎಂಜಿನಿಯರ್ ಯಾರ ಸಹಿಗೂ ಕಾಯದೆ ಸೇವೆಯನ್ನು ಬದಲಿ ಕೇಂದ್ರಕ್ಕೆ ವರ್ಗಾಯಿಸುವ ಅಧಿಕಾರವನ್ನು ಲಿಖಿತವಾಗಿ ಕೊಡಿ. ಮೊದಲ ಅಣಕು ಕಾರ್ಯಾಚರಣೆ ಬಹುಶಃ ವಿಫಲವಾಗುತ್ತದೆ. ಆಗ ತಮ್ಮ ಕಚೇರಿಯಿಂದ ಕಾರಣ ಕೇಳಿ ನೋಟಿಸ್ ಹೊರಟರೆ ಎರಡನೆಯದು ಕಾಗದದ ಮೇಲಷ್ಟೇ ನಡೆಯುತ್ತದೆ. ಆದ್ದರಿಂದ ಆ ನೋಟಿಸನ್ನು ಕಳುಹಿಸುವುದಿಲ್ಲವೆಂದು ಈಗಲೇ ಆದೇಶದಲ್ಲಿ ಬರೆದುಬಿಡಿ.

ಇಂತಿ ತಮ್ಮ ವಿಶ್ವಾಸಿ,
ಸರ್ವರ್ ನಿರ್ವಹಣೆಯ ಒಬ್ಬ ಎಂಜಿನಿಯರ್