ಹತ್ತೋದು ಸರಿ, ದುಡ್ಡಿನ ವಿಷಯ ಕೇಳು

ಬಸವನಗುಡಿ, ಬೆಂಗಳೂರು

ಪುಟ್ಟಿ,

ಫೋನಿನಲ್ಲಿ ನೀನು ನನಗೆ ಮಾತಾಡೋಕೆ ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಕೃತಕ ಕಾಲಲ್ಲೇ ಆಫ್ರಿಕಾದ ಕಿಲಿಮಂಜಾರೋ ಹತ್ತಿ, ಕಾಲಿಲ್ಲದವರ ಕೃತಕ ಕಾಲಿಗೆ ದುಡ್ಡು ಸೇರಿಸುತ್ತೀ ಅಂತ ಗೊತ್ತಾದಾಗಿನಿಂದ ಅಮ್ಮ ಲೆಕ್ಕ ಹಾಕುತ್ತಾ ಕೂತಿದ್ದಾಳೆ. ಅದು 5,895 ಮೀಟರ್, ನಂದಿಬೆಟ್ಟ 1,478. ನಾಲ್ಕು ನಂದಿಬೆಟ್ಟ ಒಂದರ ಮೇಲೊಂದು ಇಟ್ಟ ಹಾಗೆ ಅಂತ ನನಗೇ ಬೈದಳು. ಬೆಂಗಳೂರೇ 900 ಮೀಟರ್ ಮೇಲಿದೆ ಕಣೇ, ಹಾಗೆಲ್ಲ ಲೆಕ್ಕ ಹಾಕೋ ಹಾಗಿಲ್ಲ ಅಂದೆ. ಇನ್ನೂ ಜಾಸ್ತಿ ಬೈದಳು.

ಹತ್ತೋಕೆ ಆಗುತ್ತಾ ಅನ್ನೋ ಪ್ರಶ್ನೆ ನನಗಿಲ್ಲ. ಅರುಣಿಮಾ ಸಿನ್ಹಾ 2011ರಲ್ಲಿ ಎಡಗಾಲು ಕಳೆದುಕೊಂಡು 2013ರಲ್ಲಿ ಎವರೆಸ್ಟ್ ಮೇಲಿದ್ದರು. ನೇಪಾಳದ ಹರಿ ಬುಧಾ ಮಗರ್‌ಗೆ ಎರಡೂ ಕಾಲು ಮಂಡಿಗಿಂತ ಮೇಲೇ ತುಂಡಾಗಿವೆ. ಅವರೂ 2023ರಲ್ಲಿ ಹತ್ತಿದರು. ನಿನಗೆ ಮಂಡಿಯಾದರೂ ಇದೆ.

ನನ್ನ ಹೆದರಿಕೆ ಇಳಿಯುವಾಗಿನದು. ಸಾವನದುರ್ಗದಲ್ಲಿ ನೋಡಿದೆನಲ್ಲ. ಬೋಳು ಬಂಡೆ, ಇಳಿಜಾರು, ಮೈಭಾರವೆಲ್ಲ ಸಾಕೆಟ್ ಒಳಗೆ, ಕೃತಕ ಕಾಲಿನ ಮೇಲಿನ ಬಟ್ಟಲೊಳಗೆ, ಇಳಿದು ಮೂಳೆಯ ತುದಿಯನ್ನೇ ಒತ್ತುತ್ತದೆ. ನೀನು ಅಡ್ಡಡ್ಡ ಹೆಜ್ಜೆ ಇಡುತ್ತಾ ಬಂದೆ. ಅರ್ಧ ದಾರಿಯಲ್ಲಿ ಕೂತು ಕಾಲು ಬಿಚ್ಚಿದೆ. ಒಳಗೆ ಹಾಕೋ ಮೆತ್ತನೆ ಲೈನರ್ ಮಗುಚಿದಾಗ ಬೆವರು ತೊಟಕ್ಕನೆ ಬಂಡೆ ಮೇಲೆ ಬಿತ್ತು. ಒರೆಸಿ, ಉಳಿದ ಕಾಲಿನ ತುದಿಯ, ಅಂದರೆ ಸ್ಟಂಪ್‌ನ, ಮೇಲೆ ಇನ್ನೊಂದು ಸಾಕ್ಸ್ ಏರಿಸಿದೆ. ಬೆಳಿಗ್ಗೆ ಬಿಗಿಯಾಗಿದ್ದ ಸಾಕೆಟ್ ಮಧ್ಯಾಹ್ನಕ್ಕೆ ಸಡಿಲ, ನಡೆದ ಹಾಗೆ ಸ್ಟಂಪ್ ಸಣ್ಣಗಾಗುತ್ತದಲ್ಲ. ಫೋಟೋ ತೆಗೆಯಲಾ ಅಂತ ಬಂದ ಹುಡುಗರಿಗೆ ನೀನು "ಈ ಸಾಕ್ಸ್ ಹಾಕೋದನ್ನೇ ತೆಗೀರಿ" ಅಂದೆ. ನನಗೆ ಖುಷಿಯಾಯಿತು.

ದುಡ್ಡು ಕೇಳುವಾಗಲೂ ಅದನ್ನೇ ಹೇಳು ಕಣಮ್ಮ. ಛಲಗಾತಿ ಅಂತ ಬೇಕಾದವರು ಬರೆದುಕೊಳ್ಳಲಿ. ಒಂದು ಕಾಲು ಕೊಡಿಸಿದರೆ ಕೆಲಸ ಮುಗೀತು ಅಂತ ಜನ ಅಂದುಕೊಂಡಿದ್ದಾರೆ. ಕ್ಯಾಂಪು, ಶಾಲು, ಫೋಟೋ, ಊಟ. ಜೈಪುರ ಕಾಲು ಅನ್ನೋ ಕೃತಕ ಕಾಲು 1968ರಿಂದ ಇದೆ. ಬರಿಗಾಲಲ್ಲೇ ನಡೆಯಬಹುದು, ಗದ್ದೆಗೆ ಇಳಿಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು. 1975ರಲ್ಲಿ ಜೈಪುರದಲ್ಲಿ ಶುರುವಾದ ಸಮಿತಿಯವರು ಅದನ್ನು ಪುಕ್ಕಟೆ ಹಾಕಿಕೊಡುತ್ತಾರೆ. ಸಣ್ಣ ಕೆಲಸವಲ್ಲ. ಆದರೆ ಮಗು ಬೆಳೆಯುತ್ತದೆ, ಸಾಕೆಟ್ ಬೆಳೆಯುವುದಿಲ್ಲ. ದೊಡ್ಡವರಿಗೂ ಸ್ಟಂಪ್ ಸೊರಗಿದರೆ ಸಾಕೆಟ್ ಬದಲಿಸಲೇಬೇಕು. ದೂರದ ಊರಿನ ಕೂಲಿಯವರು ಅದಕ್ಕಾಗಿ ಬರಬೇಕೆಂದರೆ ಬಸ್ ಚಾರ್ಜು, ಜೊತೆಗೊಬ್ಬರು, ಇಬ್ಬರ ಕೂಲಿಯೂ ಹೋಯಿತು. ಬರದೇ ಇದ್ದರೆ ಗಾಯ. ಆಮೇಲೆ ಆ ಕಾಲು ಅಟ್ಟ ಸೇರುತ್ತದೆ, ಕೈಗೆ ಮತ್ತೆ ಊರುಗೋಲು.

ಅದಕ್ಕೆ, ಸೇರಿದ ದುಡ್ಡಲ್ಲಿ ಅರ್ಧ ಸಾಕೆಟ್ ಬದಲಿಸೋಕೆ, ಲೈನರ್‌ಗೆ, ಬಸ್ ಚಾರ್ಜಿಗೆ ಅಂತ ಮೊದಲೇ ಬರೆದುಬಿಡು. ಇಂಥದ್ದಕ್ಕೆ ಕೊಡೋಕೆ ಜನ ಹಿಂದೇಟು ಹಾಕಬಹುದು, ಫೋಟೋ ಚೆನ್ನಾಗಿ ಬರೋದಿಲ್ಲ ನೋಡು. ಆದರೂ ಕೇಳು. ಜೆ.ಪಿ. ನಗರದಲ್ಲಿ ಮೊಬಿಲಿಟಿ ಇಂಡಿಯಾ ಅನ್ನೋ ಸಂಸ್ಥೆ ಇದೆಯಲ್ಲ, ಕೃತಕ ಕಾಲು ಮಾಡೋದನ್ನು ಅಲ್ಲಿ ಕಲಿಸುತ್ತಾರೆ ಕೂಡ. ಎಷ್ಟು ಖರ್ಚಾಗುತ್ತೆ ಅಂತ ಒಮ್ಮೆ ವಿಚಾರಿಸು, ಸುಮ್ನೆ ಅಂದಾಜಿನ ಮೇಲೆ ಬರೆಯಬೇಡ.

ನಿನ್ನ ಟಿಕೆಟ್, ಗೈಡು, ಬೂಟು ಇವನ್ನು ಆ ದುಡ್ಡಲ್ಲಿ ಮುರಿಯಬೇಡ. ಅದು ನನ್ನ ಪಾಲು. ನಿನ್ನ ಚಿಕ್ಕಪ್ಪನೂ ಕೊಡ್ತೀನಿ ಅಂದಿದ್ದಾನೆ. ಅವನ ಮಾತು ನಿನಗೆ ಗೊತ್ತೇ ಇದೆ, ನೀನೇ ಒಂದು ಸಲ ಫೋನ್ ಮಾಡು.

ಅಪ್ಪ