ಮಗಳಿಗೊಂದು ಪತ್ರ: ಉಪ್ಪು ಬಡಿಸುವಾಗ ಹಾಕು

ಮಗಳೇ,

ಮೊನ್ನೆ ಫೋನಿನಲ್ಲಿ "ಪರಿಶುದ್ಧತೆ ಅಂದ್ರೆ ನಂಗೆ ನಿನ್ನ ಬೈಗುಳವೇ ನೆನಪಾಗೋದು ಅಮ್ಮಾ" ಅಂದೆಯಲ್ಲ, ಆಮೇಲೆ ನಿದ್ದೆ ಬರಲಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ ಶುಭ ಶುಕ್ರವಾರದ ಆರಾಧನೆಗೆ ಯಾಕೆ ಹೋಗಲಿಲ್ಲ ಅಂತ ಜೋರು ಮಾಡಿದ್ದು ನನ್ನ ತಪ್ಪು.

 ನನಗೆ ಇನ್ನೂ ಕಾಡುವುದು ಮಂಗಳೂರಿನಲ್ಲಿ ಒಂದು ಶುಭ ಶುಕ್ರವಾರ ನೀನು ಮಾಡಿದ ಆ ಪಚ್ಚಡಿ. ನಿನಗೆ ಒಂಬತ್ತು ವರ್ಷ. ಹನ್ನೆರಡರಿಂದ ಮೂರರವರೆಗೆ ಚರ್ಚಿನಲ್ಲಿ ಯೇಸುಸ್ವಾಮಿ ಶಿಲುಬೆಯ ಮೇಲೆ ಆಡಿದ ಏಳು ಮಾತು ಕೇಳಿ ಬಂದು ಗಂಜಿ ಕುಡಿಯುವ ದಿನ. ನಾವು ಏಳುವ ಮೊದಲೇ ನೀನೊಬ್ಬಳೇ ಮುಳ್ಳುಸೌತೆ ಕೊಚ್ಚಿ, ಮೊಸರು, ಉಪ್ಪು ಬೆರೆಸಿ ಫ್ರಿಜ್ಜಿನಲ್ಲಿ ಇಟ್ಟಿದ್ದೆ. ಮಧ್ಯಾಹ್ನ ತೆಗೆದರೆ ಬರೀ ನೀರು. ನೆಂಟರ ಎದುರಿಗೇ ಬೈದು ಸಿಂಕಿಗೆ ಸುರಿದೆ. ನಿನ್ನ ಕೈಯಲ್ಲಿ ಸೌಟು ಹಾಗೇ ಇತ್ತು. ಏಳು ಮಾತುಗಳಲ್ಲಿ ಮೊದಲನೆಯದೇ ಕ್ಷಮೆ, ಅದನ್ನು ಕೇಳಿ ಕಣ್ಣೀರು ಹಾಕಿ ಬಂದವಳು ನಾನು, ಒಂದು ಬೋಗುಣಿ ಪಚ್ಚಡಿಯನ್ನು ಕ್ಷಮಿಸಲಾಗಲಿಲ್ಲ. ಆ ಸೌಟು ಇನ್ನೂ ಕಣ್ಣ ಮುಂದಿದೆ. ದೇವರ ಮೇಲೆ ನಿನಗೆ ಬೇಸರ ಬಂದದ್ದು ಆವತ್ತೇನಾ? ಆ ಭಯ ಹೋಗುತ್ತಿಲ್ಲ. ಕ್ಷಮಿಸು ಮಗಾ.

ಬೈಬಲಿನಲ್ಲಿ ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಪವಿತ್ರಾತ್ಮನ ಫಲ ಅಂತ ಒಂಬತ್ತು ಗುಣ ಹೇಳುತ್ತಾನೆ. ಪ್ರೀತಿ, ದೀರ್ಘಶಾಂತಿ ಅಂದರೆ ತಾಳ್ಮೆ, ದಯೆ, ಶಮೆದಮೆ ಅಂದರೆ ಸಂಯಮ, ಎಲ್ಲ ಇದೆ. ಚರ್ಚಿನಲ್ಲಿ ಯಾವ ಬೆಂಚಲ್ಲಿ ಕೂತೆ ಅನ್ನೋದು ಇಲ್ಲ. ಶಿಲುಬೆಗೇರುವ ಹಿಂದಿನ ಗುರುವಾರ ರಾತ್ರಿ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದರು. ಈ ಸಲ ಅದೇ ರಾತ್ರಿ ನೀನು ವಾರ್ಡಿನಲ್ಲಿ ಯಾರದೋ ತಾಯಿಯ ಮೈ ಒರೆಸುತ್ತಿದ್ದೆ. ನನ್ನ ಮಗಳು ಅಂತ ಎಲ್ಲರಿಗೂ ಹೇಳಿಕೊಂಡು ಬಂದೆ.

ಆದರೂ ಚರ್ಚ್ ಪೂರ್ತಿ ಬಿಡಬೇಡ. ರಜೆಯ ಭಾನುವಾರ ಹೋಗು. ಬಸ್ಸಿನಲ್ಲಿ ಬೈಬಲಿನ ಒಂದು ಕೀರ್ತನೆ ಓದು, ಸುಮ್ನೆ ಮೊಬೈಲ್ ನೋಡೋ ಬದಲು. ಸಿಟ್ಟು ಬಂದಾಗ ತಕ್ಷಣ ಮಾತಾಡಬೇಡ, ನನ್ನ ಹಾಗೆ ಆಗಬೇಡ. ಒಂದೇ ದಿನದಲ್ಲಿ ಯಾರೂ ಬದಲಾಗಲ್ಲ, ಐವತ್ತೆಂಟಾದರೂ ನಾನು ಕಲಿಯುತ್ತಲೇ ಇದ್ದೇನೆ. ಉಪದೇಶ ಜಾಸ್ತಿ ಆಯಿತು ಅಲ್ವಾ?

ಬೆಂಗಳೂರಲ್ಲೂ ಸೆಕೆಯಂತೆ. ಎಳೆ ಮುಳ್ಳುಸೌತೆ ತಗೋ, ತುದಿ ಕತ್ತರಿಸಿ ಕಹಿ ಇದೆಯಾ ನೋಡು. ಸಣ್ಣಗೆ ಕೊಚ್ಚು. ತೆಂಗಿನತುರಿ, ಹಸಿಮೆಣಸು, ಕಾಲು ಚಮಚ ಸಾಸಿವೆ ರುಬ್ಬಿ ಗಟ್ಟಿ ಮೊಸರಿಗೆ ಬೆರೆಸು. ಒಗ್ಗರಣೆ ಕೊಟ್ಟು ಒಂದು ಗಂಟೆ ಫ್ರಿಜ್ಜಿನಲ್ಲಿಡು. ಉಪ್ಪು ಮಾತ್ರ ಬಡಿಸುವಾಗ ಹಾಕು, ಮೊದಲೇ ಹಾಕಿದರೆ ಸೌತೆ ನೀರು ಬಿಡುತ್ತದೆ. ಆವತ್ತು ಇಷ್ಟು ಹೇಳಿಕೊಟ್ಟಿದ್ದರೆ ಸಾಕಿತ್ತು.

ಊರಿಗೆ ಬಂದಾಗ ನೀನೇ ಮಾಡು. ನೀರಾದರೂ ಗಂಜಿಗೆ ಹಾಕಿಕೊಂಡು ಉಣ್ಣುತ್ತೇನೆ.

ಅಮ್ಮ