ಗಾಡಿ ಹಿಂಭಾರ ಆಗಬಾರದು

ಸಂಪಾದಕರೇ,

ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಅಮೆರಿಕಕ್ಕೆ ಬರುವ ಅಪ್ಪ ಅಮ್ಮಂದಿರಲ್ಲಿ ನಿಮ್ಮ ಓದುಗರು ತುಂಬಾ ಜನ ಇದ್ದಾರೆ. ನನ್ನ ಅಪ್ಪನೂ ಒಬ್ಬರು. ಪಾಂಡವಪುರ ತಾಲ್ಲೂಕಿನ ರೈತರು. ಇಲ್ಲಿ ಮಿನಿಯಾಪೊಲಿಸ್‌ಗೆ ಬಂದ ಮೇಲೂ ಬೆಳಿಗ್ಗೆ ಫೋನಿನಲ್ಲಿ ನಿಮ್ಮ ಪತ್ರಿಕೆ ಓದಿದ ಮೇಲೆಯೇ ಕಾಫಿ. ಅವರಂತೆ ಬರುವವರನ್ನೂ ಅವರ ಮಕ್ಕಳನ್ನೂ ನೆನೆದು ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ಜುಲೈನಲ್ಲಿ ನಾವು ಮೊದಲ ಸಲ ಕಾರಿನ ಹಿಂದೆ ಕ್ಯಾಂಪರ್ ಕಟ್ಟಿಕೊಂಡು ದೂರದ ಪ್ರವಾಸ ಹೊರಟೆವು. ಕ್ಯಾಂಪರ್ ಅಂದರೆ ಎರಡು ಚಕ್ರದ ಪುಟ್ಟ ಮನೆ. ನಮ್ಮದು 16 ಅಡಿ ಉದ್ದದ್ದು, ಬೇರೆಯವರು ಬಳಸಿದ್ದನ್ನು ಕೊಂಡದ್ದು. ಎರಡು ಹಾಸಿಗೆ, ಒಂದು ಒಲೆ, ಒಂದು ಸಿಂಕು. ಯೆಲ್ಲೊಸ್ಟೋನ್‌ ರಾಷ್ಟ್ರೀಯ ಉದ್ಯಾನದವರೆಗೆ ಹೋಗುವುದಕ್ಕೇ 1,600 ಕಿಲೋಮೀಟರ್. ನಾನು, ಹೆಂಡತಿ, ಮಗಳು, ಅಪ್ಪ.

ನಮ್ಮ ಕಾರು 1,590 ಕೆ.ಜಿ.ವರೆಗೆ ಎಳೆಯಬಹುದು ಎಂದು ಅದರ ಪುಸ್ತಕದಲ್ಲಿದೆ. ಕ್ಯಾಂಪರ್ ಅಷ್ಟಿಲ್ಲ. ಅಷ್ಟು ನೋಡಿ ನಾನು ನಿಶ್ಚಿಂತನಾದೆ. ಅಕ್ಕಿ, ರಾಗಿಹಿಟ್ಟು, ಕುಕ್ಕರು, ಪಾತ್ರೆಗಳನ್ನೆಲ್ಲ ಹಿಂದಿನ ಕಪಾಟಿಗೆ ತುಂಬಿದೆ. ಎರಡು ಸೈಕಲ್ಲನ್ನು ಕ್ಯಾಂಪರಿನ ಹಿಂಬದಿಗೆ ಕಟ್ಟಿದೆ. ನೀರಿನ ಟ್ಯಾಂಕ್ ಭರ್ತಿ ಮಾಡಿದೆ. ಆ ಟ್ಯಾಂಕ್ ಇರುವುದು ಚಕ್ರಗಳ ಹಿಂದೆ.

ಸೌತ್ ಡಕೋಟ ದಾಟುವ 90ನೇ ಹೆದ್ದಾರಿ ಬಯಲು ಸೀಮೆ. ಮರ ಕಡಿಮೆ, ಗಾಳಿ ಜಾಸ್ತಿ. ಅಲ್ಲಿ ವೇಗದ ಮಿತಿ ಗಂಟೆಗೆ 80 ಮೈಲಿ, ಅಂದರೆ ಸುಮಾರು 129 ಕಿಲೋಮೀಟರ್. ನಾನು 115ರಲ್ಲಿದ್ದೆ. ದೊಡ್ಡ ಲಾರಿಯೊಂದು ಎಡಕ್ಕೆ ಬಂದು ನಮ್ಮನ್ನು ದಾಟಿತು. ಅದರ ಗಾಳಿಗೆ ಕ್ಯಾಂಪರ್ ಬಾಲ ಬೀಸಿದ ಹಾಗೆ ಆಡತೊಡಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ನಾನು ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಓಲಾಟ ಇನ್ನೂ ಹೆಚ್ಚಾಯಿತು. ಕಾರಿನ ಹಿಂಭಾಗವೇ ಎಳೆದಾಡಿತು. ಮಗಳು ಕಿರುಚಿದಳು. ಎರಡೂ ಕಾಲನ್ನು ಪೆಡಲ್‌ನಿಂದ ತೆಗೆದು, ಸ್ಟೀರಿಂಗನ್ನು ನೇರಕ್ಕೆ ಹಿಡಿದು ಕೂತೆ. ವೇಗ ಇಳಿದಂತೆ ಓಲಾಟವೂ ನಿಂತಿತು.

ಪಕ್ಕದಲ್ಲಿದ್ದ ಅಪ್ಪ ಅಂದರು: "ಗಾಡಿ ಹಿಂಬಾರ ಆಗದೆ ಕಣ್ಲಾ. ಎಲ್ಲಾದ್ರೂ ನಿಲ್ಸು."

ಅಪ್ಪ ವಯಸ್ಸಿನಲ್ಲಿ ಕಾರ್ಖಾನೆಗೆ ಎತ್ತಿನಗಾಡಿಯಲ್ಲಿ ಕಬ್ಬು ಹೊಡೆದವರು. ಅಚ್ಚಿನ ಹಿಂದೆ ಹೇರು ಜಾಸ್ತಿಯಾದರೆ ಮೂಕಿ ಮೇಲೇಳುತ್ತದೆ, ನೊಗದ ಹಗ್ಗ ಎತ್ತಿನ ಕೊರಳು ಬಿಗಿಯುತ್ತದೆ. ತೀರಾ ಮುಂದೆ ಹೇರಿದರೆ ಎತ್ತು ಭಾರಕ್ಕೆ ಕುಸಿಯುತ್ತದೆ. ಒಂದಿಷ್ಟು ಮಾತ್ರ ಮುಂಭಾರ ಇರಬೇಕು. ಗಾಡಿ ಕಟ್ಟಿದವರಿಗೆಲ್ಲ ಇದು ಗೊತ್ತು. ಎರಡು ಚಕ್ರದ ಕ್ಯಾಂಪರಿಗೂ ಇದೇ ಲೆಕ್ಕ. ಎತ್ತಿನ ಹೆಗಲಿನ ಜಾಗದಲ್ಲಿ ಕಾರಿನ ಹಿಂದಿನ ಕಬ್ಬಿಣದ ಗುಂಡು ಇದೆ, ಅಷ್ಟೇ. ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಆ ಗುಂಡಿನ ಮೇಲೆ ಕೂರಬೇಕು. ಕಡಿಮೆಯಾದರೆ ಬಾಲ ಬೀಸುತ್ತದೆ. ನಾನು ಇದನ್ನು ಎಲ್ಲೋ ಓದಿದ್ದೆ. ಆದರೆ ತೂಗಿ ನೋಡಿರಲಿಲ್ಲ.

ಮುಂದಿನ ಟ್ರಕ್ ಸ್ಟಾಪಿನಲ್ಲಿ ಲಾರಿ ತೂಗುವ ಕಾಟಾ ಇತ್ತು. ಮೊದಲು ಕಾರಿಗೆ ಸಿಕ್ಕಿಸಿದ ಹಾಗೇ ಕ್ಯಾಂಪರಿನ ಚಕ್ರಗಳನ್ನಷ್ಟೇ ತೂಗಿಸಿದೆವು. ಆಮೇಲೆ ಬಿಚ್ಚಿ ಪೂರ್ತಿ ಕ್ಯಾಂಪರ್ ತೂಗಿಸಿದೆವು. ಎರಡರ ನಡುವಿನ ವ್ಯತ್ಯಾಸವೇ ಗುಂಡಿನ ಮೇಲಿನ ಭಾರ. ಒಟ್ಟು 1,280 ಕೆ.ಜಿ. ಗುಂಡಿನ ಮೇಲೆ ಬರೀ 70. ನೂರಕ್ಕೆ ಐದೂವರೆ.

ಅಲ್ಲೇ ನೆರಳಿಗೆ ನಿಲ್ಲಿಸಿ ಅಪ್ಪ ಹೇರು ಮತ್ತೆ ಕಟ್ಟಿಸಿದರು. ನೀರು ಖಾಲಿ ಮಾಡಿಸಿದರು. ಅದನ್ನು ತಂಗುವ ಜಾಗದಲ್ಲಿ ತುಂಬಿಕೊಳ್ಳಬಹುದು, 70 ಲೀಟರ್ ಅಂದರೆ 70 ಕೆ.ಜಿ. ಅಲ್ವಾ. ಸೈಕಲ್ ಕಾರಿನ ಮೇಲಕ್ಕೆ ಹೋಯಿತು. ಅಕ್ಕಿ, ಹಿಟ್ಟು, ಪಾತ್ರೆ ಚಕ್ರದ ಮುಂದಕ್ಕೆ ಬಂದವು, ನೆಲದ ಮಟ್ಟದಲ್ಲಿ. ಮತ್ತೆ ತೂಗಿಸಿದಾಗ ಒಟ್ಟು 1,180, ಗುಂಡಿನ ಮೇಲೆ 140. ಅಲ್ಲಿಂದ ಆಚೆಗೆ ನಾನು ಗಂಟೆಗೆ 100 ಕಿಲೋಮೀಟರ್ ದಾಟಲಿಲ್ಲ. ಎಷ್ಟು ಲಾರಿ ದಾಟಿದರೂ ಕ್ಯಾಂಪರ್ ಅಲುಗಲಿಲ್ಲ. ವೇಗಕ್ಕೆ ಇನ್ನೊಂದು ಕಾರಣವೂ ಇತ್ತು. ಟ್ರೇಲರಿಗೆಂದೇ ಮಾಡಿದ ಎಷ್ಟೋ ಟೈರುಗಳ ಮಿತಿ ಗಂಟೆಗೆ 65 ಮೈಲಿ, ಸುಮಾರು 105 ಕಿಲೋಮೀಟರ್. ರಸ್ತೆಯ ಫಲಕ 129 ಅಂದರೂ ನಮ್ಮ ಟೈರು ಅದನ್ನು ಒಪ್ಪುವುದಿಲ್ಲ.

ಟೈರಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಬ್ಯಾಡ್‌ಲ್ಯಾಂಡ್ಸ್‌ನಲ್ಲಿ ತಂಗಿದ ರಾತ್ರಿ ಪಕ್ಕದ ಕ್ಯಾಂಪರಿನ ಹಿರಿಯರೊಬ್ಬರು ಬಂದು ನಮ್ಮ ಟೈರಿನ ಬದಿಯಲ್ಲಿದ್ದ ನಾಲ್ಕು ಅಂಕಿ ತೋರಿಸಿದರು. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮದು 2314. ಅಂದರೆ 2014ರ 23ನೇ ವಾರ ತಯಾರಾದದ್ದು. ಟೈರು ಸವೆದಿರಲಿಲ್ಲ, ಹೆಚ್ಚು ಓಡಿರಲಿಲ್ಲವಲ್ಲ. ಆದರೆ ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳು. ರಬ್ಬರು ನಿಂತಲ್ಲೇ ಮುಪ್ಪಾಗುತ್ತದೆ. ರ‍್ಯಾಪಿಡ್ ಸಿಟಿಯಲ್ಲಿ ಎರಡೂ ಬದಲಿಸಿದೆವು. 80 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿದೆವು. ಈ ನಾಲ್ಕು ಅಂಕಿ ನಮ್ಮೂರಿನ ಕಾರು, ಸ್ಕೂಟರಿನ ಟೈರಿನಲ್ಲೂ ಇರುತ್ತದೆ. ಓದುಗರು ಇವತ್ತೇ ನೋಡಿಕೊಳ್ಳಲಿ.

ಬಿಗ್‌ಹಾರ್ನ್ ಬೆಟ್ಟ ಹತ್ತುವ ದಾರಿಯನ್ನು ಮೊದಲೇ ಕೇಳಿಕೊಂಡಿದ್ದೆ. ಉತ್ತರದ 14ಎ ರಸ್ತೆ ತೀರಾ ಕಡಿದು. ಟ್ರೇಲರ್ ಇರುವವರಿಗೆ ಬೇಡ ಎಂದು ಎಲ್ಲರೂ ಹೇಳಿದರು. ದಕ್ಷಿಣದ 16ನೇ ರಸ್ತೆ ಹಿಡಿದೆವು. ಆ ದಾರಿಯ ನೆತ್ತಿ ಪೌಡರ್ ರಿವರ್ ಪಾಸ್ 9,666 ಅಡಿ ಎತ್ತರ. ಇಳಿಯುವಾಗ ನಮ್ಮ ಘಾಟಿ ಡ್ರೈವರುಗಳು ಮಾಡುವ ಹಾಗೆ ಹತ್ತಿದ ಗೇರಿನಲ್ಲೇ ಇಳಿದೆ. ಬ್ರೇಕನ್ನು ಆಗಾಗ ಒತ್ತಿ ಬಿಟ್ಟೆ, ಒತ್ತಿಕೊಂಡೇ ಇರಲಿಲ್ಲ. ಯೆಲ್ಲೊಸ್ಟೋನ್ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ. ಕಾಡೆಮ್ಮೆಗಳ ಹಿಂಡು ರಸ್ತೆ ದಾಟುವುದನ್ನು ಅಪ್ಪ ಮುಕ್ಕಾಲು ಗಂಟೆ ಕಣ್ಣು ಮಿಟುಕಿಸದೆ ನೋಡಿದರು. ಅದೊಂದಕ್ಕೇ ಇಷ್ಟು ದೂರ ಹೋದದ್ದು ಸಾರ್ಥಕ ಅನ್ನಿಸಿತು.

ಪ್ರತಿ ಬೆಳಿಗ್ಗೆ ಹೊರಡುವ ಮುಂಚೆ ಅಪ್ಪ ಕ್ಯಾಂಪರಿನ ಹಿಂದೆ ನಿಲ್ಲುತ್ತಿದ್ದರು. ನಾನು ಬ್ರೇಕ್ ಒತ್ತಿದರೆ ಕೈ ಎತ್ತುತ್ತಿದ್ದರು. ಎಡ ಇಂಡಿಕೇಟರ್, ಬಲ ಇಂಡಿಕೇಟರ್, ಹಿಂದಿನ ಕೆಂಪು ದೀಪ. ಆಮೇಲೆ ಕೊಂಡಿಯ ಕೆಳಗೆ ಕತ್ತರಿಯಂತೆ ಹಾಕಿದ ಎರಡು ಸರಪಳಿಗಳನ್ನು ಎಳೆದು ನೋಡುತ್ತಿದ್ದರು. ಕೊಂಡಿ ಕಳಚಿದರೂ ಕ್ಯಾಂಪರ್ ತಾನೇ ಬ್ರೇಕ್ ಹಾಕಿಕೊಳ್ಳುವ ಒಂದು ತಂತಿಯಿದೆ. ಅದನ್ನೂ ಮುಟ್ಟಿ ನೋಡುತ್ತಿದ್ದರು. ಮೂರನೇ ದಿನವೋ ನಾಲ್ಕನೇ ದಿನವೋ ಸುಮ್ನೆ ನಿಂತು ಹೇಳಿದರು: "ನಮ್ ಕಡೆ ಟ್ರ್ಯಾಕ್ಟರ್‌ಗೆ ಎರಡೆರಡು ಟ್ರೇಲರ್ ಕಟ್ಕಂಡು ಕಬ್ಬು ಹೊಡೀತಾರೆ. ಹಿಂದ್ಗಡೆ ಒಂದು ಕೆಂಪು ದೀಪನೂ ಇರಲ್ಲ."

ಆ ಮಾತು ನನ್ನನ್ನು ಬಿಟ್ಟಿಲ್ಲ. ಹತ್ತಾರು ಟನ್ ಕಬ್ಬು, ರಾತ್ರಿ ಹೊತ್ತು, ಕೆಟ್ಟು ನಿಂತರೆ ಹಿಂದೆ ಒಂದು ಕಲ್ಲು ಮತ್ತು ಸೊಪ್ಪು. ಅದಕ್ಕೆ ಬೈಕಿನಲ್ಲಿ ಹೋಗಿ ಗುದ್ದಿದವರು ನನ್ನ ಜೊತೆ ಓದಿದವರಲ್ಲೇ ಒಬ್ಬರಿದ್ದರು. ಟ್ರೇಲರಿಗೆ ಹಿಂದೀಪ, ರಿಫ್ಲೆಕ್ಟರ್ ಇರಬೇಕೆಂಬ ನಿಯಮ ನಮ್ಮಲ್ಲೂ ಇದೆ. ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುನ್ನ ಪೊಲೀಸರೂ ಕಾರ್ಖಾನೆಯವರೂ ಸೇರಿ ಗೇಟಿನಲ್ಲೇ ಪ್ರತಿ ಟ್ರೇಲರಿಗೆ ರಿಫ್ಲೆಕ್ಟರ್ ಪಟ್ಟಿ ಅಂಟಿಸಲಿ. ನೀವು ಜಿಲ್ಲಾ ಪುಟದಲ್ಲಿ ಇದನ್ನು ಬಿಡದೆ ಕೇಳಬೇಕು ಎಂಬುದು ನನ್ನ ವಿನಂತಿ.

ಸೆಪ್ಟೆಂಬರ್‌ನಲ್ಲಿ ಊರಿಗೆ ಹೊರಟಾಗ ಅಪ್ಪ ಸೂಟ್‌ಕೇಸಿನಲ್ಲಿ ಕೆಂಪು ಬಿಳಿ ಪಟ್ಟಿಯ ನಾಲ್ಕು ಸುರುಳಿ ಇಟ್ಟುಕೊಂಡರು. ನಮ್ಮ ಬೀದಿಯ ಮೂರು ಟ್ರೇಲರಿಗೆ ಅಂಟಿಸಿದ್ದಾರಂತೆ. ಸುರುಳಿ ಮುಗಿದಿದೆ, ಇನ್ನೂ ಬೇಕು ಎಂದು ನಿನ್ನೆ ಫೋನ್ ಮಾಡಿದ್ದರು.

ನಿಮ್ಮ ಓದುಗ,
ಪಾಂಡವಪುರ ತಾಲ್ಲೂಕಿನವನು, ಈಗ ಮಿನಿಯಾಪೊಲಿಸ್